ಧಾರವಾಡದ ಸಾಲಿ ಬಾಗಿಲು

1856ರ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗ ಮುಂಬಯಿ ಸರಕಾರಕ್ಕೆ ಒಂದು ಅರ್ಜಿ ಹಾಕಿದ. ಅರ್ಜಿಯ ತಿರುಳು ಇಷ್ಟೇ: ಇಲ್ಲಿಯ ಸರಕಾರಿ ಸಾಲಿಯಲ್ಲಿ ಕಲಿಯಬೇಕೆಂದಿದ್ದೇನೆ, ಎಲ್ಲರೂ ಕೊಡುವ ಫೀ ಕೊಡಲಿಕ್ಕೂ ತಯಾರಿದ್ದೇನೆ, ಆದರೂ ನನ್ನನ್ನು ಒಳಗೆ ಸೇರಿಸಿಕೊಳ್ಳುತ್ತಿಲ್ಲ. ಅವನು ದಾನ ಕೇಳಲಿಲ್ಲ, ರಿಯಾಯಿತಿ ಕೇಳಲಿಲ್ಲ. ಉಳಿದ ಮಕ್ಕಳು ದಾಟುವ ಹೊಸ್ತಿಲನ್ನು ತಾನೂ ದಾಟುತ್ತೇನೆ ಅಂದ.

ಆಗಿನ ವರದಿಗಳಲ್ಲಿ ಅವನಿಗೆ ಹೆಸರಿಲ್ಲ. 'ಒಬ್ಬ ಮಹಾರ ಹುಡುಗ' ಅಷ್ಟೇ. ಅವನಿಗೆ ಇಲ್ಲ ಅಂದವರ ಹುದ್ದೆ, ಕಾಗದದ ನಂಬರು, ತಾರೀಖು ಎಲ್ಲ ಇವೆ. ನಮ್ಮ ಚರಿತ್ರೆ ಹೀಗೆಯೇ ಬರೆಯಲ್ಪಟ್ಟಿದೆ.

1856ರ ಜುಲೈ 21ರಂದು ಮುಂಬಯಿ ಸರಕಾರ ಠರಾವು ಹೊರಡಿಸಿತು. ಅದರ ಭಾಷೆ ಬಹಳ ಸಭ್ಯವಾದದ್ದು. ಅರ್ಜಿದಾರನ ಕಡೆಗೆ ನ್ಯಾಯ ಇದೆ, ಅದರಲ್ಲಿ ಸಂಶಯವಿಲ್ಲ ಎಂದಿತು. ಅವನನ್ನು ತಡೆದಿರುವ ಪೂರ್ವಗ್ರಹಗಳು ಬೇಗ ತೊಲಗಲಿ ಎಂದು ಹಾರೈಸಿತು. ಆಮೇಲೆ 'ಆದರೆ' ಬಂತು. ಆದರೆ ಒಬ್ಬಿಬ್ಬರ ಸಲುವಾಗಿ ಕಾಲಕಾಲದ ನಂಬಿಕೆಗಳಿಗೆ ಒಮ್ಮೆಲೇ ಕೈಹಾಕಿದರೆ ವಿದ್ಯಾಪ್ರಸಾರದ ಕೆಲಸಕ್ಕೇ ಧಕ್ಕೆಯಾದೀತು. ಈ ಅಡಚಣೆಯನ್ನು ಸರಕಾರ ಹುಟ್ಟಿಸಿದ್ದಲ್ಲ, ಆದ್ದರಿಂದ ನಡುವೆ ಬಂದು ಕೂಡಲೇ ತೆಗೆಯುವುದೂ ಸರಕಾರದಿಂದ ಆಗದು. ಒಟ್ಟು ಅರ್ಥ: ನೀನು ಹೇಳುವುದು ಖರೆ, ಆದರೆ ಹೊರಗೇ ನಿಲ್ಲು.

ಕಾಗದ ಕಲಕತ್ತೆಗೆ ಹೋಯಿತು. 1857ರ ಜನವರಿಯಲ್ಲಿ ಭಾರತ ಸರಕಾರ ಮುಂಬಯಿಯವರು ಮಾಡಿದ್ದು ಜಾಣತನವೇ ಎಂದು ಒಪ್ಪಿತು. ಹಾಗೆಯೇ, ಬಂಗಾಲದ ಯಾವ ಸರಕಾರಿ ಸಾಲಿಯಲ್ಲೂ ಈ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂದು ಚುಚ್ಚಿತು. ಅಲ್ಲಿಂದ ಕಾಗದ ಲಂಡನ್ನಿಗೆ ಮುಟ್ಟಿತು. 1858ರ ಏಪ್ರಿಲಿನಲ್ಲಿ ಕಂಪನಿಯ ನಿರ್ದೇಶಕ ಮಂಡಳಿ ಕೊನೆಯ ಮಾತು ಹೇಳಿತು: ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದು, ಈ ತತ್ವ ಬಿಡಲಾಗದು.

ತತ್ವ ಗೆದ್ದಿತು. ಹುಡುಗ? ಅರ್ಜಿಗೂ ಈ ಮಾತಿಗೂ ನಡುವೆ ಹತ್ತಿರ ಹತ್ತಿರ ಎರಡು ವರ್ಷ ಕಳೆದಿದ್ದವು. ಕಲಿಯುವ ವಯಸ್ಸಿನ ಬಡವನಿಗೆ ಎರಡು ವರ್ಷವೆಂದರೆ ಕೈಗೆ ಕುರಪಿ ಬರುವಷ್ಟು ಕಾಲ.

ಕಾಗದದ ಮೇಲಿನ ತತ್ವ ನೆಲಕ್ಕೆ ಇಳಿಯಲಿಲ್ಲ ಅನ್ನುವುದಕ್ಕೆ ಲೆಕ್ಕವೂ ಇದೆ. 1881-82ರಲ್ಲಿ ಇಡೀ ಮುಂಬಯಿ ಪ್ರಾಂತದ ಪ್ರಾಥಮಿಕ ಸಾಲಿಗಳಲ್ಲಿ ಅಸ್ಪೃಶ್ಯ ಜಾತಿಗಳ ಮಕ್ಕಳು 2,862. ಅಂದರೆ ನೂರಕ್ಕೆ ಒಂದೂ ಅಲ್ಲ. ಮಾಧ್ಯಮಿಕದಲ್ಲಿ 17. ಹೈಸ್ಕೂಲಿನಲ್ಲಿ ಸೊನ್ನೆ. ಕಾಲೇಜಿನಲ್ಲಿ ಸೊನ್ನೆ. ಆ ಹೊತ್ತಿಗೆ ಕೂತ ಹಂಟರ್ ಆಯೋಗ ಅದೇ ತತ್ವವನ್ನು ಮತ್ತೊಮ್ಮೆ ಎತ್ತಿಹಿಡಿಯಿತು, ಆದರೆ ತಕ್ಕ ಎಚ್ಚರಿಕೆಯಿಂದ ಜಾರಿ ಮಾಡಬೇಕು ಎಂದು ಬಾಲ ಹಚ್ಚಿತು. ಎಚ್ಚರಿಕೆ ಯಾರ ಬಗ್ಗೆ? ಒಳಗೆ ಕೂತವರ ಮನಸ್ಸು ನೊಂದೀತೆಂಬ ಎಚ್ಚರಿಕೆ. ಹೊರಗೆ ನಿಂತವರ ಕಾಲು ನೊಂದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಈ ಹುಡುಗ ಒಂಟಿಯಾಗಿದ್ದ ಎಂದು ಮಾತ್ರ ತಿಳಿಯಬೇಡಿ. ಅವನ ಅರ್ಜಿಗೆ ಒಂದು ವರ್ಷ ಮೊದಲು, 1855ರಲ್ಲಿ, ಪುಣೆಯಲ್ಲಿ ಜ್ಯೋತಿಬಾ ಫುಲೆಯವರ ಸಾಲಿಯಲ್ಲಿ ಕಲಿತ ಮಾಂಗ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ಮಾಂಗ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 'ಜ್ಞಾನೋದಯ' ಪತ್ರಿಕೆ ಅದನ್ನು ಅಚ್ಚು ಹಾಕಿತು. ಒಂದೇ ಪ್ರಾಂತದಲ್ಲಿ ಎರಡು ಎಳೆಯ ಕೈಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮಸಿ ಮುಟ್ಟಿದ್ದವು.

ಗೆಳೆಯರೇ, ಈ ಹಳೆಯ ಕಾಗದವನ್ನು ಈಗ ಯಾಕೆ ಬಿಚ್ಚುತ್ತಿದ್ದಾನೆ ಅಂತ ನೀವು ಕೇಳಬಹುದು.

ಅದೇ ಧಾರವಾಡದಲ್ಲಿ ನಾನು ಎಂ.ಎ. ಮುಗಿಸಿ, ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಪದವಿ ಕಂಡವನು ನಾನೇ ಮೊದಲಿಗ. ಅಪ್ಪನಿಗೆ ಸಹಿ ಬರುತ್ತಿತ್ತು, ಅವ್ವನದು ಇನ್ನೂ ಹೆಬ್ಬೆಟ್ಟು. ಅವ್ವ ಫೋನಿನಲ್ಲಿ ಕೇಳುವುದು ಒಂದೇ ಮಾತು: "ನೌಕರಿ ಹತ್ತಿತೇನ ತಮ್ಮಾ?" ಇಲ್ಲ ಅಂದರೆ, "ಇನ್ನ ಎಷ್ಟ್ ವರ್ಷ ಓದತಿ? ನಿನ್ನ ಓರಿಗಿಯವರು ಮಕ್ಕಳನ್ನ ಸಾಲಿಗೆ ಹಚ್ಚ್ಯಾರ" ಅನ್ನುತ್ತಾಳೆ. ಅವಳ ಮಾತಿನಲ್ಲಿ ತಪ್ಪಿಲ್ಲ. ಅವಳ ಲೆಕ್ಕದಲ್ಲಿ ಸಾಲಿ ಅಂದರೆ ಒಂದು ತುದಿ, ನೌಕರಿ ಅಂದರೆ ಇನ್ನೊಂದು ತುದಿ. ನಡುವೆ ಇರುವುದೆಲ್ಲ ಬರೀ ದಾರಿಖರ್ಚು.

ಈ ನಡುವೆ ಒಂದು ಖಾಸಗಿ ಕಾಲೇಜಿನಲ್ಲಿ ಸಂದರ್ಶನಕ್ಕೆ ಹೋಗಿದ್ದೆ. ಗೆಳೆಯನ ಶರ್ಟು, ನನ್ನದೇ ಫೈಲು. ನನ್ನ ವಿಷಯದ ಬಗ್ಗೆ ಎರಡು ಪ್ರಶ್ನೆ ಕೇಳಿದರು, ಉತ್ತರ ಹೇಳಿದೆ. ಆಮೇಲೆ ಹಿರಿಯರೊಬ್ಬರು ಕೇಳಿದರು: "ಅಡ್ಡಹೆಸರು ಏನ್ರಿ ನಿಮ್ದು?" ನನಗೆ ಅಡ್ಡಹೆಸರಿಲ್ಲ, ಊರ ಹೆಸರೇ ಇದೆ. ಅದನ್ನೇ ಹೇಳಿದೆ. ಅವರು ಬಿಡಲಿಲ್ಲ. "ಊರಾಗ ಮನಿ ಎಲ್ಲಿ ಬರತೈತ್ರಿ? ಅಗಸಿ ಒಳಗೋ, ಹೊರಗೋ?" ನಾನು "ಹೊರಗ್ರಿ" ಅಂದೆ. ಯಾರೂ ಸಿಟ್ಟಾಗಲಿಲ್ಲ, ಯಾರೂ ಬೈಯಲಿಲ್ಲ. ಚಹಾ ಕೂಡ ಕೊಟ್ಟರು. "ಛಲೋ ಓದೀರಿ. ತಿಳಸ್ತೀವಿ" ಅಂದರು. ಆ ತಿಳಿಸುವಿಕೆ ಇನ್ನೂ ಬಂದಿಲ್ಲ.

ಹುಬ್ಬಳ್ಳಿಯಿಂದ ತಿರುಗಿ ಬರುವಾಗ ಚಿಗರಿ ಬಸ್ಸಿನಲ್ಲಿ ಕೂತು ನನಗೆ 1856ರ ಠರಾವು ನೆನಪಾಯಿತು. ನ್ಯಾಯ ನಿನ್ನ ಕಡೆಗಿದೆ, ಆದರೆ. ಛಲೋ ಓದೀರಿ, ತಿಳಸ್ತೀವಿ. ಎರಡೂ ಒಂದೇ ಮನೆಯ ಮಾತು. ಆಗ ತಡೆದದ್ದು ಸಾಲಿಯ ಬಾಗಿಲಿನಲ್ಲಿ, ಈಗ ತಡೆಯುವುದು ಪಗಾರದ ಬಾಗಿಲಿನಲ್ಲಿ.

ಓದು ಮುಗಿಯುವ ಮೊದಲೇ ನೌಕರಿಗೆ ಅಲೆದವರಲ್ಲಿ ನಮ್ಮೆಲ್ಲರ ಹಿರಿಯಣ್ಣ ಬಾಬಾಸಾಹೇಬ ಅಂಬೇಡ್ಕರರು. ಅವರನ್ನು ನಾವು ಸಂವಿಧಾನ ಶಿಲ್ಪಿ ಎಂದು ಫೋಟೋದಲ್ಲಿ ಕೂರಿಸಿದ್ದೇವೆ. ಇಪ್ಪತ್ತಾರು ವರ್ಷದ, ಕೆಲಸವಿಲ್ಲದ ಅಂಬೇಡ್ಕರರನ್ನು ನೆನೆಸುವುದು ಕಡಿಮೆ. 1913ರಲ್ಲಿ ಅವರು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಕಲಿತ ಮೇಲೆ ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡುತ್ತೇನೆ ಎಂದು ಕರಾರು ಬರೆದುಕೊಟ್ಟಿದ್ದರು. 1916ರಲ್ಲಿ ಲಂಡನ್ನಿಗೆ ಬಂದು ಅರ್ಥಶಾಸ್ತ್ರ, ಕಾನೂನು ಎರಡನ್ನೂ ಹಿಡಿದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೇ ನಿಂತಿತು. ನಾಲ್ಕು ವರ್ಷದೊಳಗೆ ತಿರುಗಿ ಬಂದು ಮುಗಿಸಬಹುದೆಂಬ ಅನುಮತಿ ಇಟ್ಟುಕೊಂಡು, ಕರಾರಿನಂತೆ ನೌಕರಿಗೆಂದು ಬರೋಡಾಕ್ಕೆ ಬಂದರು.

ಅಲ್ಲಿ ನಡೆದದ್ದನ್ನು ಅವರೇ ಬರೆದಿದ್ದಾರೆ. ಹುದ್ದೆ ದೊಡ್ಡದು, ಮಹಾರಾಜರ ಮಿಲಿಟರಿ ಕಾರ್ಯದರ್ಶಿಯದು. ಇರಲಿಕ್ಕೆ ಮಾತ್ರ ಖೋಲಿ ಇಲ್ಲ. ಪಾರ್ಸಿ ಹೆಸರು ಇಟ್ಟುಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಹತ್ತಾರು ಜನ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ಮನೆಯಲ್ಲಿ ಜಾಗ ಕೊಡಲಿಲ್ಲ. ಊರ ತೋಟದಲ್ಲಿ ಕೂತು ಹೊತ್ತು ಕಳೆದು ರಾತ್ರಿಯ ಗಾಡಿಗೆ ಮುಂಬಯಿಗೆ ತಿರುಗಿದರು. ಕಚೇರಿಯಲ್ಲಿ ಜವಾನರು ಅವರ ಮೇಜಿಗೆ ಫೈಲನ್ನು ದೂರದಿಂದ ಎಸೆಯುತ್ತಿದ್ದರು. ಎಂ.ಎ. ಪದವಿ ಆ ಜವಾನನ ಕೈಯನ್ನು ಎರಡು ಮೊಳ ಹತ್ತಿರ ತರಲಿಲ್ಲ.

ಮುಂಬಯಿಗೆ ಬಂದು ಮಕ್ಕಳಿಗೆ ಪಾಠ ಹೇಳಿದರು. ಶೇರು ವ್ಯವಹಾರದ ಸಲಹೆ ಕೊಡುವ ಕೆಲಸ ಶುರು ಮಾಡಿದರು. ಜಾತಿ ತಿಳಿದೊಡನೆ ಗಿರಾಕಿ ನಿಂತರು. 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕನ ಕೆಲಸ ಸಿಕ್ಕಿತು. ತಾತ್ಪೂರ್ತಿಕ ನೌಕರಿ, ತಿಂಗಳಿಗೆ 450 ರೂಪಾಯಿ. ಅಲ್ಲಿಯೂ ಅಧ್ಯಾಪಕರ ಖೋಲಿಯ ನೀರಿನ ಬಿಂದಿಗೆಯ ತಕರಾರು ಬಂತು. ಆ ಪಗಾರದಲ್ಲೇ ಉಳಿಸಿ, ಕೊಲ್ಲಾಪುರದ ಶಾಹೂ ಮಹಾರಾಜರ ನೆರವನ್ನೂ ಪಡೆದು, 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಬಿಟ್ಟ ಓದನ್ನು ಮುಗಿಸಿಕೊಂಡು 1923ರಲ್ಲಿ ತಿರುಗಿ ಬಂದರು. ಅರ್ಧ ಓದು, ಅರ್ಧ ನೌಕರಿ, ಪೂರ್ತಿ ಅವಮಾನ. ಪ್ರಬಂಧ ಕೈಯಲ್ಲಿ ಹಿಡಿದು ಅತಿಥಿ ಉಪನ್ಯಾಸಕನಾಗಿ ತಾಸಿನ ಲೆಕ್ಕದಲ್ಲಿ ಪಾಠ ಹೇಳುವ ಗೆಳೆಯರು ಈ ಪುಟವನ್ನು ಓದಬೇಕು. ಸಮಾಧಾನ ಪಡುವುದಕ್ಕಲ್ಲ, ತಮ್ಮ ಕಷ್ಟ ತಮ್ಮೊಬ್ಬರ ಅಸಮರ್ಥತೆ ಅಲ್ಲ ಎಂದು ತಿಳಿಯುವುದಕ್ಕೆ.

ಇದೇ ಅಂಬೇಡ್ಕರರು 1928ರ ಮೇ ತಿಂಗಳಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಹೇಳಿಕೆ ಸಲ್ಲಿಸುವಾಗ ನಮ್ಮ ಧಾರವಾಡದ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದರು. ಎಪ್ಪತ್ತೆರಡು ವರ್ಷಗಳ ನಂತರ ಆ ಅರ್ಜಿ ಸಾಕ್ಷಿಯಾಯಿತು. ಅದೇ ವರ್ಷ ಅವರು ಕಟ್ಟಿದ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ವಿದ್ಯಾರ್ಥಿಗಳಿಗೆ ವಸತಿನಿಲಯಗಳನ್ನು ನಡೆಸಿತು. ಅವುಗಳಲ್ಲಿ ಧಾರವಾಡದ್ದೂ ಒಂದು. ಯಾವ ಊರು ಒಬ್ಬ ಹುಡುಗನನ್ನು ಒಳಗೆ ಬಿಡಲಿಲ್ಲವೋ ಅದೇ ಊರಿನಲ್ಲಿ ನಮ್ಮ ಹುಡುಗರು ಉಂಡು ಮಲಗಿ ಓದುವ ಮನೆ ಎದ್ದಿತು. ಹಾಸ್ಟೆಲಿನ ಅನ್ನ ತಿಂದೇ ದೊಡ್ಡವರಾದ ನಾವು ಇದನ್ನು ಮರೆಯಬಾರದು.

ಸಾಲಿ ಸಿಕ್ಕರೆ ನೌಕರಿ ತಾನಾಗಿಯೇ ಸಿಗುತ್ತದೆ ಎನ್ನುವುದು ದೊಡ್ಡ ಸುಳ್ಳು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಬಂದದ್ದು 1880ರ ದಶಕದಲ್ಲಿ. ರೈಲು, ಗಿರಣಿ ಬಂದರೆ ಜಾತಿ ಹೊಗೆಯಂತೆ ಹಾರಿಹೋಗುತ್ತದೆ ಎಂದು ಬಹಳ ಜನ ನಂಬಿದ್ದರು. 1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ದಲಿತ ಕಾರ್ಮಿಕರ ಪರಿಷತ್ತಿನಲ್ಲಿ ಅಂಬೇಡ್ಕರರು ಆ ಭ್ರಮೆಯನ್ನು ಒಡೆದರು. ರೈಲ್ವೆಯಲ್ಲಿ ನಮ್ಮವರು ಹಳಿ ದುರಸ್ತಿಯ ಗ್ಯಾಂಗ್‌ಮನ್ ಆಗಿಯೇ ಉಳಿಯುತ್ತಾರೆ. ಪೋರ್ಟರ್ ಕೂಡ ಆಗಲಾರರು, ಯಾಕೆಂದರೆ ಪೋರ್ಟರನು ಸ್ಟೇಷನ್ ಮಾಸ್ತರನ ಮನೆಗೆಲಸವನ್ನೂ ಮಾಡಬೇಕು. ಬಟ್ಟೆ ಗಿರಣಿಯ ನೇಯ್ಗೆ ಖಾತೆಯಲ್ಲಿ ಪಗಾರ ಹೆಚ್ಚು. ಅಲ್ಲಿ ಬಾಯಿಯಿಂದ ದಾರ ಹಿಡಿಯಬೇಕು, ಆದ್ದರಿಂದ ಅಲ್ಲಿಯೂ ನಮ್ಮವರಿಗೆ ಜಾಗ ಇಲ್ಲ. ಕಾರ್ಮಿಕರಿಗೆ ಇಬ್ಬರು ವೈರಿಗಳು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂದು ಅವರು ಹೇಳಿದ್ದು ಅಲ್ಲಿಯೇ. ಯಂತ್ರ ಜಾತಿ ಕೇಳಲಿಲ್ಲ. ಯಂತ್ರದ ಪಕ್ಕ ನಿಂತವನು ಕೇಳಿದ.

ಆದ್ದರಿಂದಲೇ ನೌಕರಿಯಲ್ಲಿ ಮೀಸಲಾತಿ ಬೇಕಾಯಿತು. ಅದು ಯಾರದೋ ಔದಾರ್ಯವಲ್ಲ, ಅದಕ್ಕೂ ಒಂದು ದುಡಿಮೆಯ ಚರಿತ್ರೆ ಇದೆ. 1902ರ ಜುಲೈ 26ರಂದು ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದ ಖಾಲಿ ಬೀಳುವ ಹುದ್ದೆಗಳಲ್ಲಿ ಅರ್ಧ ಭಾಗ ಹಿಂದುಳಿದವರಿಗೆ ಎಂದು ಆಜ್ಞೆ ಮಾಡಿದರು. ಮೈಸೂರಿನಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ಕೂತಿತು, 1921ರಲ್ಲಿ ಆದೇಶ ಬಂತು. 1943ರಲ್ಲಿ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರರ ಒತ್ತಾಯದಿಂದ ಕೇಂದ್ರದ ನೌಕರಿಗಳಲ್ಲಿ ಪರಿಶಿಷ್ಟ ಜಾತಿಗಳಿಗೆ ನೂರಕ್ಕೆ 8.33 ಪಾಲು ಸಿಕ್ಕಿತು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇಂದಿಗೂ ನಮ್ಮ ಹುಡುಗರು ಬ್ಯಾಂಕಿನ ಸಾಲಿನಲ್ಲಿ ನಿಂತು ಜಮಾ ಆಯಿತೇ ಎಂದು ಕೇಳುವುದು ಅದರ ಮುಂದುವರಿಕೆಯನ್ನೇ. 1950ರಲ್ಲಿ ಸಂವಿಧಾನದ 16ನೆಯ ವಿಧಿ ಹುದ್ದೆಗಳಲ್ಲಿ ಮೀಸಲಾತಿಗೆ ದಾರಿ ಮಾಡಿತು. 1975ರಲ್ಲಿ ರಾಣೇಬೆನ್ನೂರಿನ ಎಲ್.ಜಿ. ಹಾವನೂರರ ಆಯೋಗದ ವರದಿ ಈ ನಾಡಿನ ಹಿಂದುಳಿದವರ ಲೆಕ್ಕವನ್ನು ಸರಕಾರದ ಮುಂದೆ ಇಟ್ಟಿತು.

ಕಾನೂನು ಬಂತು. ಹಾಗಾದರೆ 'ಆದರೆ' ಹೋಯಿತೇ? ಇಲ್ಲ. ಅದು ವೇಷ ಬದಲಿಸಿತು.

ಒಂದು ವೇಷ: 'ಸೂಕ್ತ ಅಭ್ಯರ್ಥಿ ಸಿಗಲಿಲ್ಲ.' ಹುದ್ದೆ ನಮ್ಮದು, ಅರ್ಜಿ ಹಾಕಿದವರು ಇದ್ದಾರೆ, ಓದಿದವರಿದ್ದಾರೆ. ಸಂದರ್ಶನ ಮುಗಿದ ಮೇಲೆ ಯಾರೂ ಸೂಕ್ತರಲ್ಲ. ಹುದ್ದೆ ಖಾಲಿ ಉಳಿಯುತ್ತದೆ, ಖಾಲಿ ಉಳಿದದ್ದಕ್ಕೆ 'ಬ್ಯಾಕ್‌ಲಾಗ್' ಎಂಬ ಹೆಸರು ಬರುತ್ತದೆ. ಸೂಕ್ತತೆಯನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆ?

ಇನ್ನೊಂದು ವೇಷ ಲೆಕ್ಕದ್ದು. ಇದನ್ನು ಹಳ್ಳಿಯ ಮಾಸ್ತರರು ಹಲಗೆಯ ಮೇಲೆ ಬರೆದು ತೋರಿಸಬಹುದು. ವಿಶ್ವವಿದ್ಯಾಲಯದ ಎಲ್ಲ ವಿಭಾಗಗಳ ಅಧ್ಯಾಪಕ ಹುದ್ದೆಗಳನ್ನು ಒಟ್ಟು ಸೇರಿಸಿ ಎಣಿಸಿದರೆ ಪ್ರತಿ ವರ್ಗಕ್ಕೂ ಅದರ ಪಾಲು ಬೀಳುತ್ತದೆ. 2017ರಲ್ಲಿ ಅಲಹಾಬಾದ್ ಹೈಕೋರ್ಟು ಪ್ರತಿ ವಿಭಾಗವನ್ನೇ ಬೇರೆ ಬೇರೆ ಎಣಿಸಬೇಕು ಎಂದಿತು. 2018ರ ಮಾರ್ಚ್ 5ರಂದು ಯು.ಜಿ.ಸಿ. ಅದರಂತೆ ಆದೇಶ ಹೊರಡಿಸಿತು. ಆ ಎಣಿಕೆಯಲ್ಲಿ ಮೊದಲ ಮೂರು ಹುದ್ದೆ ಸಾಮಾನ್ಯ, ನಾಲ್ಕನೆಯದು ಹಿಂದುಳಿದವರಿಗೆ, ಏಳನೆಯದು ಪರಿಶಿಷ್ಟ ಜಾತಿಗೆ, ಹದಿನಾಲ್ಕನೆಯದು ಪರಿಶಿಷ್ಟ ಪಂಗಡಕ್ಕೆ. ಈಗ ಹೇಳಿ: ಮೂರೇ ಅಧ್ಯಾಪಕರಿರುವ ವಿಭಾಗದಲ್ಲಿ ಏಳನೆಯ ಹುದ್ದೆ ಎಲ್ಲಿಂದ ಬರಬೇಕು? ಮೀಸಲಾತಿ ರದ್ದಾಯಿತೆಂದು ಯಾರೂ ಬರೆಯಲಿಲ್ಲ. ಎಣಿಸುವ ರೀತಿ ಬದಲಿಸಿದರು, ಅಷ್ಟೇ. ದೇಶದ ತುಂಬ ವಿದ್ಯಾರ್ಥಿಗಳು, ಅಧ್ಯಾಪಕರು ಬೀದಿಗಿಳಿದರು. 2019ರ ಮಾರ್ಚಿನಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾನೂನಾಯಿತು. ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಇಡೀ ಸಂಸ್ಥೆಯನ್ನೇ ಒಂದು ಘಟಕವೆಂದು ಎಣಿಸುವುದು ಉಳಿಯಿತು. ಹೋರಾಡಿದ್ದಕ್ಕೆ ಉಳಿಯಿತು.

ಮೂರನೆಯ ವೇಷ ಕಾಯಿಸುವುದು. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಒಮ್ಮೆ ಅಡ್ಡಾಡಿ ನೋಡಿ. ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಖೋಲಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾರೆ. ಊರಿನಿಂದ ಬುತ್ತಿ ಬರುತ್ತದೆ, ರೊಟ್ಟಿಯ ಜೊತೆಗೆ ಸಾಲದ ಸುದ್ದಿಯೂ ಬರುತ್ತದೆ. 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ದುಡ್ಡಿದ್ದವನಿಗೆ ಈ ಎರಡು ವರ್ಷ ಒಂದು ತೊಂದರೆ. ಕೂಲಿಯವನ ಮಗನಿಗೆ ಅದು ವಯೋಮಿತಿ, ಅಕ್ಕನ ಮದುವೆ, ಅಪ್ಪನ ಆಸ್ಪತ್ರೆ.

ಇಲ್ಲಿ ನಮ್ಮ ಕಡೆಗೂ ಬೊಟ್ಟು ಮಾಡಿಕೊಳ್ಳಬೇಕು. ನಮ್ಮೊಳಗೇ ಮೊದಲು ಬಾಗಿಲು ದಾಟಿದವರು ಹಿಂದೆ ನಿಂತವರಿಗೆ ಕೈ ಕೊಟ್ಟಿದ್ದೇವೆಯೇ? ಒಳಮೀಸಲಾತಿ ಬೇಕೆಂದು ಮಾದಿಗ ಬಂಧುಗಳು ದಶಕಗಳಿಂದ ಕೂಗಿದರು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ವರದಿ ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿತು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಳವರ್ಗೀಕರಣ ಸರಿ ಎಂದ ಮೇಲೆ, ನಾಗಮೋಹನ್ ದಾಸ್ ಆಯೋಗದ ವರದಿಯ ನಂತರ, 2025ರ ಆಗಸ್ಟಿನಲ್ಲಿ ರಾಜ್ಯ ಸರಕಾರ ಪರಿಶಿಷ್ಟ ಜಾತಿಗಳ 17 ಪಾಲನ್ನು 6, 6, 5 ಎಂದು ಹಂಚುವ ತೀರ್ಮಾನ ಮಾಡಿತು. ಅದಾಗುವ ತನಕ ಹೊಸ ನೇಮಕಾತಿಗಳನ್ನು ತಡೆದಿಟ್ಟಿದ್ದರು. ಆ ತಿಂಗಳುಗಳಲ್ಲಿ ಖೋಲಿಯಲ್ಲಿ ಕೂತ ಕೆಲವು ಗೆಳೆಯರು ಒಬ್ಬರನ್ನೊಬ್ಬರು ಬೈದುಕೊಂಡರು. ನಾನೂ ಕೇಳಿದೆ, ಸುಮ್ಮನಿದ್ದೆ; ಅದು ನನ್ನ ತಪ್ಪು. ಹಿಂದುಳಿದ ತಮ್ಮನ ಪಾಲು ಕೇಳಿದ್ದರಿಂದ ನೇಮಕಾತಿ ತಡವಾಗಲಿಲ್ಲ. ಅವನ ನ್ಯಾಯವನ್ನು ಇಪ್ಪತ್ತು ವರ್ಷ ಬೀರುವಿನಲ್ಲಿ ಇಟ್ಟದ್ದರಿಂದ ತಡವಾಯಿತು. ನ್ಯಾಯ ನಿಮ್ಮ ಕಡೆಗಿದೆ, ಆದರೆ ಎಂದು ನಾವೂ ನಮ್ಮವರಿಗೆ ಹೇಳತೊಡಗಿದರೆ 1856ರ ಮುಂಬಯಿ ಸರಕಾರಕ್ಕೂ ನಮಗೂ ಏನು ಫರಕು?

ಹಾಗಾದರೆ ಏನು ಮಾಡಬೇಕು? ದೊಡ್ಡ ಮಾತು ನನ್ನಲ್ಲಿಲ್ಲ. ಆ ಹುಡುಗ ಮಾಡಿದ್ದನ್ನೇ ಮಾಡಬೇಕು: ಬರವಣಿಗೆಯಲ್ಲಿ ಕೇಳಬೇಕು. ಬಾಯಿಮಾತಿನ 'ಇಲ್ಲ' ಗಾಳಿಗೆ ಹೋಗುತ್ತದೆ, ಕಾಗದದ ಮೇಲಿನ 'ಇಲ್ಲ' ಎಪ್ಪತ್ತು ವರ್ಷದ ಮೇಲೂ ಸಾಕ್ಷಿ ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾನೂನು ನಮ್ಮ ಕೈಯಲ್ಲಿದೆ. ಸರಕಾರಿ ಕಾಲೇಜಿರಲಿ, ಅನುದಾನದ ಕಾಲೇಜಿರಲಿ, ವಿಶ್ವವಿದ್ಯಾಲಯವಿರಲಿ, ರೋಸ್ಟರ್ ರಜಿಸ್ಟರ್ ಕೇಳಿರಿ. ಎಷ್ಟು ಹುದ್ದೆ, ಯಾವ ಬಿಂದು ಯಾರಿಗೆ, ಯಾವಾಗಿನಿಂದ ಖಾಲಿ, ಸೂಕ್ತರಲ್ಲ ಎಂದು ಯಾವ ಆಧಾರದ ಮೇಲೆ ಬರೆದರು, ಎಲ್ಲ ಕೇಳಿರಿ. ಒಬ್ಬರೇ ಕೇಳಿದರೆ ಹೆದರಿಸುತ್ತಾರೆ; ಹತ್ತು ಜನ ಸೇರಿ ಕೇಳಿರಿ. ಹಳ್ಳಿಯ ಮಾಸ್ತರರು ತಮ್ಮ ಸಾಲಿಯ ಮಕ್ಕಳಿಗೆ ಅರ್ಜಿ ಬರೆಯುವ ಪಾಠ ಹೇಳುವಾಗ ರಜಾ ಚೀಟಿಯ ಜೊತೆಗೆ ಇದನ್ನೂ ಕಲಿಸಲಿ.

ಮೊನ್ನೆ ಅವ್ವ ಮತ್ತೆ ಫೋನು ಮಾಡಿದ್ದಳು. ನೌಕರಿಯ ಮಾತು ಮುಗಿದ ಮೇಲೆ ಆ ಹುಡುಗನ ಕಥೆ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ ಅಂದಳು: "ಅಷ್ಟ್ ಸಣ್ಣ ಹುಡುಗ, ಸಾಲಿಗೆ ಬಿಡಲಾರದವಗ ಅರ್ಜಿ ಬರಿಯಾಕ ಯಾರು ಕಲಿಸಿದ್ರೋ?"

ಸಾಲಿಯ ಹೊರಗೇ ನಿಂತು ಯಾರೋ ಅಕ್ಷರ ಕೊಟ್ಟಿದ್ದರು. ಅದು ನಮ್ಮ ತನಕ ಬಂದಿದೆ. ನಾಳೆ ಇನ್ನೊಂದು ಕಾಲೇಜಿಗೆ ಅರ್ಜಿ ಹಾಕುವುದಿದೆ. ಈ ಸಲ ಉತ್ತರವನ್ನು ಬರವಣಿಗೆಯಲ್ಲಿ ಕೊಡಿರಿ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೇನೆ.